ಅಂದಪ್ಪ ಮಾಸ್ತರರ ಆಫ್ರಿಕಾ

ಎಪ್ಪತ್ತರ ದಶಕದಲ್ಲಿ ಕುಷ್ಟಗಿಯ ಹೈಸ್ಕೂಲಿನಲ್ಲಿ ಓದಿದವರನ್ನು ಯಾರನ್ನಾದರೂ ಕೇಳಿ, ಅಂದಪ್ಪ ಮಾಸ್ತರರ ಆಫ್ರಿಕಾ ನೆನಪಿಲ್ಲ ಎನ್ನುವವರು ಸಿಗಲಾರರು. ಬಿಳಿ ಧೋತರ, ಕರಿ ಟೊಪ್ಪಿಗೆ, ಮೂಗಿನ ತುದಿಗಿಳಿದ ಕನ್ನಡಕದ ಭೂಗೋಳದ ಮಾಸ್ತರು ಬೋರ್ಡಿನ ಮುಂದೆ ನಿಂತು ಎರಡೂ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಚಾಕ್‌ಪೀಸನ್ನು ಎತ್ತದೆ ಒಂದೇ ಗೀರಿನಲ್ಲಿ ಇಡೀ ಆಫ್ರಿಕಾ ಬರೆದುಬಿಡುತ್ತಿದ್ದರು. ಸ್ವಂತ ಹೊಲದ ಬದು ಎಲ್ಲಿದೆ ಎಂದು ಕೇಳಿದರೆ ತಡವರಿಸುತ್ತಿದ್ದ ಮನುಷ್ಯನಿಗೆ ಅಷ್ಟು ದೊಡ್ಡ ಖಂಡದ ಅಂಚು ಮಾತ್ರ ಬೆರಳ ತುದಿಯಲ್ಲಿತ್ತು.

ಎಪ್ಪತ್ತೊಂದರಲ್ಲಿ ಒಂದು ದಿನ ಹೀಗೇ ಬರೆದು ಕಣ್ಣು ತೆರೆದಾಗ, ಕೂಲಿಕಾರ ದುರುಗಪ್ಪನ ಮಗಳು ಹುಲಗೆಮ್ಮ ಎದ್ದು ನಿಂತಿದ್ದಳು. ಎಂಟನೇ ಈಯತ್ತೆಯ ಹುಡುಗಿ, ಬಾಯಿ ಸ್ವಲ್ಪ ಜೋರು.

"ಮಾಸ್ತರ್ರೀ, ಆ ದಂಡಿ ನೀವು ನೋಡೀರೇನ್ರಿ?"

ಮಾಸ್ತರರು ಕಂಡಿದ್ದ ಅತಿ ದೊಡ್ಡ ನೀರೆಂದರೆ ಹೊಸಪೇಟೆಯ ಡ್ಯಾಮು. ಸಮುದ್ರವನ್ನೇ ನೋಡದವರು ಸಮುದ್ರದ ದಂಡೆಯನ್ನು ಹದಿನೈದು ವರ್ಷದಿಂದ ಬರೆಯುತ್ತ ಬಂದಿದ್ದರು. ಅವರಿಗೆ ನಾಚಿಕೆಯಾಯಿತು. ಬೇರೆ ಮಾಸ್ತರಾಗಿದ್ದರೆ ಅಧಿಕಪ್ರಸಂಗಿ ಎಂದು ಗದರಿಸಿ ಕೂರಿಸುತ್ತಿದ್ದರು. ಇವರು ಕೈಯ ಸುಣ್ಣ ಒರೆಸಿಕೊಂಡು, "ಇಲ್ಲವ್ವ, ನೋಡಿಲ್ಲ. ಒಂದಿನ ನೋಡಿ ಬಂದು ನಿನಗ ಹೇಳ್ತೀನಿ," ಎಂದರು.

ಎಲ್ಲರೂ ನಕ್ಕರು, ಹಿಂದಿನ ಬೆಂಚಿನ ಮದಾರಸಾಬನೊಬ್ಬನನ್ನು ಬಿಟ್ಟು. ಅವನು ನಿದ್ದೆಯಲ್ಲಿದ್ದ. ಶಾಲೆಯ ಗೇಟಿನಲ್ಲಿ ಬಾರಿಹಣ್ಣು ಮಾರುತ್ತಿದ್ದ ಇಮಾಮಬಿಯ ಮಗ ಅವನು. ನಸುಕಿನಲ್ಲೇ ತಾಯಿಯ ಜೊತೆ ಹಣ್ಣು ಆರಿಸಲು ಅಡವಿಗೆ ಹೋಗಿ ಬಂದು, ಬೆಂಚಿಗೆ ತಲೆ ಕೊಟ್ಟನೆಂದರೆ ಮುಗಿಯಿತು. ಉಳಿದ ಮಾಸ್ತರರು ಛಡಿಯಿಂದ ಎಬ್ಬಿಸುತ್ತಿದ್ದರು. ಅಂದಪ್ಪ ಮಾಸ್ತರರು ಮಾತ್ರ, "ಮಲಗ್ಲಿ ಬಿಡ್ರಿ, ಆಫ್ರಿಕಾ ಎಲ್ಲೂ ಓಡಿ ಹೋಗೂದಿಲ್ಲ," ಎನ್ನುತ್ತಿದ್ದರು.

ಹುಡುಗರು ಆ ಮಾತನ್ನು ಮರೆತರು, ಮಾಸ್ತರರು ಮರೆಯಲಿಲ್ಲ. ಪರದೇಶದಲ್ಲಿ ಭೂಗೋಳ ಶಿಕ್ಷಕರ ಸಮ್ಮೇಳನ ಎಲ್ಲಿ ನಡೆಯಲಿ, ಇವರ ಅರ್ಜಿ ಹೋಗುತ್ತಿತ್ತು. ಎಪ್ಪತ್ತೇಳರಲ್ಲಿ ಹೆಸರು ಮೇಲಿನ ಆಫೀಸಿನವರೆಗೆ ಹೋಗಿ ವಾಪಸು ಬಂತು. ಎಂಬತ್ತೊಂದರಲ್ಲಿ ಆಯ್ಕೆಯೇ ಆಗಿ ಸಮ್ಮೇಳನವೇ ರದ್ದಾಯಿತು. ಕೊನೆಗೆ ಎಂಬತ್ನಾಲ್ಕರಲ್ಲಿ ನೈರೋಬಿಯಿಂದ ಕರೆ ಬಂತು, ಹೋಗಿ ಬರುವ ಖರ್ಚೆಲ್ಲ ಸಮ್ಮೇಳನದವರದೇ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದಾಗ ಓಣಿಯವರು ಮಾಸ್ತರರು ಏನು ಮಾಡಿಕೊಂಡರೋ ಎಂದು ಗಾಬರಿಯಾದರಂತೆ.

ಹೆಂಡತಿ ಬಸವಣ್ಣೆಮ್ಮ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿದರು. ಮಾಸ್ತರರು ಹಳೆಯ ನಕಾಶೆಯ ಮೇಲೆ ಅಡಿಪಟ್ಟಿ ಇಟ್ಟು ಲೆಕ್ಕ ಹಾಕಿದರು. ಮುಂಬಯಿ ಬಿಟ್ಟ ಐದನೇ ತಾಸಿಗೆ ನೀರು ಮುಗಿದು ದಂಡೆ ಕಾಣಬೇಕು. ಸಂದೇಹವಿಲ್ಲ. ಹುಲಗೆಮ್ಮ ಈಗ ಅದೇ ಶಾಲೆಯಲ್ಲಿ ಟೀಚರು. ಬಸ್‌ ಸ್ಟ್ಯಾಂಡಿಗೆ ಬಂದು ಅವಳು ಏನೂ ಕೇಳಲಿಲ್ಲ, ನಕ್ಕು ಕೈಮುಗಿದಳು, ಅಷ್ಟೇ. ಕೇಳಿದ್ದರೇ ಚೆನ್ನಾಗಿತ್ತು ಎನಿಸಿತು ಅವರಿಗೆ.

ಗದಗಕ್ಕೆ ಬಸ್ಸು, ಅಲ್ಲಿಂದ ರೈಲು. ಪಾಸ್‌ಪೋರ್ಟನ್ನು ಯಾರಾದರೂ ಹೊಡೆದಾರೆಂದು ಎದೆಯ ಮೇಲೆ ಕೈ ಇಟ್ಟುಕೊಂಡು ಎರಡು ರಾತ್ರಿ ಕಣ್ಣಿಗೆ ಕಣ್ಣು ಹಚ್ಚದೆ ಮುಂಬಯಿ ಮುಟ್ಟಿದರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಟೈ ಕಟ್ಟಿಕೊಂಡ ಸಾಹೇಬನೊಬ್ಬ ಇವರ ಟಿಕೀಟು ನೋಡಿದ, ಮುಖ ನೋಡಿದ, ಕುರ್ಚಿ ಬಿಟ್ಟು ಹೊರಗೆ ಬಂದು ಕಾಲಿಗೆರಗಿದ. ಅವನು ಮದಾರಸಾಬ. ಮಾವನ ಹಿಂದೆ ಮುಂಬಯಿ ಸೇರಿ ಹೇಗೋ ಈ ಕೆಲಸ ಹಿಡಿದಿದ್ದ. ಸಾಲಿನಲ್ಲಿದ್ದವರು ನೋಡುತ್ತಿದ್ದಂತೆ ಇಬ್ಬರೂ ಕಣ್ಣೊರೆಸಿಕೊಂಡರು.

ಹಿಂದಿನ ಸೀಟುಗಳೆಲ್ಲ ತುಂಬಿ ಒಬ್ಬರನ್ನು ಮುಂದಕ್ಕೆ ಕೂರಿಸಬೇಕಿತ್ತಂತೆ. ಮದಾರಸಾಬ ಮೇಲಿನವರನ್ನು ಕೇಳಿಕೊಂಡು, ಆ ಒಬ್ಬರು ನಮ್ಮ ಮಾಸ್ತರರೇ ಆಗಲಿ ಎಂದು ಬಿಸಿನೆಸ್ ಕ್ಲಾಸಿನ ಕಿಟಕಿ ಪಕ್ಕದ ಸೀಟು ಕೊಟ್ಟ. ದಂಡೆಯ ವಿಷಯ ಹೇಳಬೇಕೆಂದು ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಸಾಲಿನಲ್ಲಿ ಹಿಂದಿದ್ದವರು ಗಲಾಟೆ ಶುರುಮಾಡಿದರು.

ಆ ಸೀಟೋ, ಇಬ್ಬರು ಕೂರುವಷ್ಟು ಅಗಲ. ಹೆಡ್‌ಮಾಸ್ತರರ ಕೋಣೆಯಲ್ಲಿ ಕೂರುವ ಹಾಗೆ ಅಂಚಿಗೆ ಕುಳಿತ ಮಾಸ್ತರರಿಗೆ ಗಗನಸಖಿ ಬಿಸಿ ನೀರಿನಲ್ಲಿ ಹಿಂಡಿದ ವಸ್ತ್ರ ಕೊಟ್ಟಳು. ಮುಖ, ಕತ್ತು ಒರೆಸಿಕೊಂಡರು. ಅವಳು ಗುಂಡಿಯೊಂದನ್ನು ಒತ್ತಿದಳು. ಬೆನ್ನು ಹಿಂದಕ್ಕೆ ಹೋಯಿತು, ಕಾಲು ಮೇಲೆ ಬಂದವು. ಕಿಟಕಿಯಲ್ಲಿ ಮುಂಬಯಿ ಮುಗಿದು ನೀರು ಶುರುವಾಯಿತು. ಬರೀ ನೀರು. ಗಡಿಯಾರ ನೋಡಿದರು, ಇನ್ನೂ ನಾಲ್ಕು ತಾಸು ಮೇಲೆ ಉಳಿದಿತ್ತು. ಹತ್ತು ನಿಮಿಷ ಕಣ್ಣು ಮುಚ್ಚಿದರೆ ಯಾರಪ್ಪನ ಗಂಟೇನು ಹೋಗುತ್ತದೆ ಎಂದುಕೊಂಡರು.

ಎಚ್ಚರವಾದದ್ದು ಗಾಲಿಗಳು ನೆಲಕ್ಕೆ ಬಡಿದಾಗ. ಹೊರಗೆ ಒಣ ಹುಲ್ಲು, ಕೆಂಪು ಮಣ್ಣು. ಮೈಮೇಲೆ ಯಾರೋ ಹೊದಿಸಿದ ಹೊದಿಕೆ.

ಊಟಕ್ಕಾದರೂ ಯಾಕೆ ಎಬ್ಬಿಸಲಿಲ್ಲ ಎಂದು ಗಗನಸಖಿಯನ್ನು ಹಿಂದಿಯಲ್ಲೇ ಕೇಳಿದರು. ನಿಮ್ಮ ಶಿಷ್ಯ ಕೈಮುಗಿದು ಹೇಳಿಹೋಗಿದ್ದಾನೆ, ಎಂದಳು ಅವಳು. ನಾನು ಮಲಗಿದಾಗ ನಮ್ಮ ಮಾಸ್ತರರು ಒಂದು ದಿನವೂ ಎಬ್ಬಿಸಲಿಲ್ಲ, ಅವರು ಮಲಗಿದರೆ ನೀವು ಯಾರೂ ಎಬ್ಬಿಸಬೇಡಿ ಎಂದಿದ್ದನಂತೆ. ಯಾರ ಮೇಲೆ ಸಿಟ್ಟು ಮಾಡಬೇಕು? ಹದಿಮೂರು ವರ್ಷ ಕಾದದ್ದು ಹೋಯಿತೆಂದು ಮಾಸ್ತರರು ಟೊಪ್ಪಿಗೆಯನ್ನು ಮುಖಕ್ಕೆ ಹಿಡಿದು ಅತ್ತರು. ಸಮ್ಮೇಳನ ಮುಗಿಸಿ ಬರುವಾಗ ನಡುಸಾಲಿನ ಸೀಟು, ಕಿಟಕಿಯೇ ಕಾಣಲಿಲ್ಲ.

ಊರಿಗೆ ಬರುವ ರೈಲಿನಲ್ಲಿ ಒಂದು ಸುಳ್ಳನ್ನು ಚೆನ್ನಾಗಿ ಸಿದ್ಧಮಾಡಿಕೊಂಡರು. ನೀಲಿ ಮುಗಿಯುವಲ್ಲಿ ನೊರೆಯ ಬಿಳಿ ಗೀರು, ಅದರಾಚೆ ಉಸುಕು. ಪುಸ್ತಕ ಓದಿದವರಿಗೆ ಅದೇನು ಕಷ್ಟ?

ಶಾಲೆಯಲ್ಲಿ ಹಾರ ಹಾಕಿದರು. ಮಗನ ಪತ್ರ ಓದಿಸಿಕೊಂಡಿದ್ದ ಇಮಾಮಬಿ ಬುಟ್ಟಿ ಬದಿಗಿಟ್ಟು ಬಾಗಿಲಲ್ಲಿ ಕುಳಿತಿದ್ದಳು. ಮಾಸ್ತರರಿಗೆ ದೊಡ್ಡ ಸೀಟು ಕೊಟ್ಟವನು ನನ್ನ ಮಗನೆಂದು ಆಗಲೇ ಊರಿಗೆಲ್ಲ ಹೇಳಿದ್ದಳು. ಹುಲಗೆಮ್ಮ ಟೀಚರು ಹುಡುಗರ ನಡುವೆ ಎದ್ದು ನಿಂತಳು, ಅಂದು ನಿಂತಿದ್ದ ಹಾಗೆಯೇ.

"ನೋಡಿದ್ರೇನ್ರಿ, ಮಾಸ್ತರ?"

ಸಿದ್ಧಮಾಡಿದ ಸುಳ್ಳನ್ನು ಅಲ್ಲೇ ಬಿಟ್ಟರು. ಮಾಸ್ತರರು ಅವಳನ್ನು ನೋಡಿದರು, ಬಾಗಿಲತ್ತ ಇಮಾಮಬಿಯನ್ನು ನೋಡಿದರು.

"ಇಲ್ಲವ್ವ, ನೋಡ್ಲಿಲ್ಲ. ಮದಾರ ಕೊಟ್ಟ ಸೀಟಿನ್ಯಾಗ ನಿದ್ದಿ ಹತ್ತಿಬಿಡ್ತು. ನಮ್ಮವ್ವನ ತೊಡಿ ಬಿಟ್ಟ ಮ್ಯಾಲೆ ಅಂಥಾ ನಿದ್ದಿ ನಾ ಮಾಡಿದ್ದಿಲ್ಲ."

ಇಮಾಮಬಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹುಲಗೆಮ್ಮ ಮುಂದೆ ಬಂದು ಅವರ ಕೈಗೆ ಚಾಕ್‌ಪೀಸು ಕೊಟ್ಟಳು. ಮಾಸ್ತರರು ಕಣ್ಣು ಮುಚ್ಚಿ ಬರೆಯತೊಡಗಿದರು. ಪೂರ್ವದ ದಂಡೆಗೆ ಬಂದಾಗ ಮೊದಲ ಸಲ ಅವರ ಕೈ ನಿಂತಿತು. ಚಾಕ್‌ಪೀಸು ಎತ್ತಿ, ಒಂದು ಗೇಣು ಬಿಟ್ಟು, ಮತ್ತೆ ಕೆಳಗೆ ಹಚ್ಚಿ ಖಂಡ ಮುಗಿಸಿದರು.

"ಇಷ್ಟು ನಾ ನೋಡಿಲ್ಲ. ನಿಮ್ಮೊಳಗ ಯಾರರ ನೋಡಿ ಬಂದ್ರ ಕೂಡಿಸ್ರಿ. ಆಫ್ರಿಕಾ ಎಲ್ಲೂ ಓಡಿ ಹೋಗೂದಿಲ್ಲ."

ನಾಲ್ಕು ವರ್ಷದ ಮೇಲೆ ಅವರು ನಿವೃತ್ತರಾದರು. ಅಲ್ಲಿಯವರೆಗೂ ಆ ಗೇಣು ಜಾಗ ಬಿಟ್ಟೇ ಬರೆದರು. ಅವರ ನಂತರ ಭೂಗೋಳ ಹೇಳಿದ ಹುಲಗೆಮ್ಮ ಟೀಚರೂ ಅದನ್ನು ಕೂಡಿಸಲಿಲ್ಲ.