ತೋಳಿಲ್ಲದ ರವಿಕೆ, ಹಲಸಿನ ಹಪ್ಪಳ

ಸೀರೆ ಆರಿಸಲು ನನಗೆ ಐದು ನಿಮಿಷ ಸಾಕು. ಹೊಸನಗರದ ಕಾಲೇಜು ಲೈಬ್ರರಿಯಲ್ಲಿ ದಿನವಿಡೀ ಧೂಳು ಕೊಡವುವವಳಿಗೆ ಅದಕ್ಕಿಂತ ಹೆಚ್ಚು ಬೇಕೂ ಇಲ್ಲ. ಆದರೆ ಏಪ್ರಿಲ್ ತಿಂಗಳ ಆ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಬೀರು ತೆರೆದವಳು ಎರಡೂವರೆಯಾದರೂ ಅಲ್ಲೇ ನಿಂತಿದ್ದೆ. ಕರೆಂಟು ಹೋಗಿತ್ತು. ಮಂಚದ ಮೇಲೆ ಬಟ್ಟೆಯ ರಾಶಿ ಬಿದ್ದಿತ್ತು. ಹಾಕಿದ ಪೌಡರು ಬೆವರಿನಲ್ಲಿ ಕದಡಿ ಕುತ್ತಿಗೆಯಿಂದ ಇಳಿಯುತ್ತಿತ್ತು. ಥೂ, ನಲವತ್ತೆರಡು ವರ್ಷಕ್ಕೆ ಇದೆಲ್ಲ ಬೇಕಿತ್ತಾ ಎಂದು ನನಗೇ ಬೈದುಕೊಳ್ಳುತ್ತ ಮತ್ತೊಂದು ಸೀರೆ ಬಿಚ್ಚುತ್ತಿದ್ದೆ.

ಬೇಕಿತ್ತು. ಅದೇ ಕಷ್ಟ. ಗಂಡನಿಂದ ಬೇರೆಯಾಗಿ ಎಂಟು ವರ್ಷವಾದ ಮೇಲೆ, ತೀರ್ಥಹಳ್ಳಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬರ ಜೊತೆ ಸಂಜೆ ಹೊತ್ತು ಕೂತು ಮಾತಾಡುವುದು ನನಗೆ ಬೇಕಾಗಿಬಿಟ್ಟಿತ್ತು. ಓದುವ ಕನ್ನಡಕ ಮಾಡಿಸಲು ಹೋಗಿ ಪರಿಚಯವಾದವರು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು, ತಾಯಿಯ ಜೊತೆ ಇದ್ದರು. ನಾವು ಮೂರು ಶನಿವಾರ ಅಲ್ಲಿನ ಹೊಳೆಯ ದಂಡೆಯಲ್ಲಿ ಭೇಟಿಯಾಗಿದ್ದೆವು. ಮೂರು ಸಲವೂ ನಾನು ಹೋಗಿದ್ದು ಕಂದು ಬಣ್ಣದ ಆಫೀಸು ಸೀರೆಯಲ್ಲಿ, ಕಂಕುಳಲ್ಲಿ ಫೈಲು ತುಂಬಿದ ಚೀಲ ಇಟ್ಟುಕೊಂಡು. ಬಸ್ಸಿನಲ್ಲಿ ಯಾರಾದರೂ ಕಂಡರೆ ಲೈಬ್ರರಿ ಕೆಲಸ ಎನ್ನಬಹುದಲ್ಲ! ಫೈಲಿನೊಳಗೆ ಹಳೇ ಪೇಪರಿನ ಪುರವಣಿಗಳಿದ್ದವು.

ಮೂರನೇ ಸಲ ಅವರು ಆ ಚೀಲವನ್ನೇ ನೋಡುತ್ತ ಹೇಳಿದ್ದರು: “ನೀವು ಪ್ರತಿ ಸಲ ಮೀಟಿಂಗಿಗೆ ಬಂದ ಹಾಗೆ ಬರ್ತೀರಿ. ಮುಂದಿನ ಶನಿವಾರ ನನ್ನನ್ನ ನೋಡೋಕೆ ಬಂದ ಹಾಗೆ ಬನ್ನಿ. ಮತ್ತೆ ಈ ಚೀಲ ಹಿಡ್ಕೊಂಡು ಬಂದ್ರೆ ನನಗೆ ಅರ್ಥ ಆಗತ್ತೆ, ಇನ್ನು ಕರೆಯಲ್ಲ.” ಸಿಟ್ಟಿಲ್ಲದೆ ಹೇಳಿದ ಮಾತು. ಸಿಟ್ಟಿದ್ದಿದ್ದರೆ ನಾನೂ ಎರಡು ಮಾತು ಬಿಸಾಕಿ ಆರಾಮಾಗಿರುತ್ತಿದ್ದೆ.

ಹಾಗಾಗಿ ಅವತ್ತು ಉಡುವ ಬಟ್ಟೆಯೇ ನನ್ನ ಉತ್ತರವಾಗಬೇಕಿತ್ತು. ರೇಷ್ಮೆ ಉಟ್ಟರೆ ಬಸ್ಸಿನ ಸೆಖೆಯಲ್ಲಿ ಬೆಂದುಹೋಗುತ್ತೇನೆ. ನೆರಿಗೆ ಚೆಂದ ಕೂರುವ ಸಿಂಥೆಟಿಕ್ ಸೀರೆ ಬೆನ್ನಿಗೆ ಅಂಟಿ ಮಾನ ಕಳೆಯುತ್ತದೆ. ಲಿನನ್ ಉಟ್ಟರೆ ದಾರಿಯಲ್ಲೇ ಮುದ್ದೆಯಾಗುತ್ತದೆ. ಉದ್ದ ಕುರ್ತಾ, ಅಗಲ ಪ್ಯಾಂಟು ಹಾಕಿ ನೋಡಿದೆ. ಚೆನ್ನಾಗಿಯೇ ಇತ್ತು, ಆದರೆ ಹೊಳೆಯ ಬಂಡೆ ಹತ್ತುವಾಗ ಪ್ಯಾಂಟಿನ ಅಂಚನ್ನು ಎತ್ತಿ ಹಿಡಿಯುವುದೇ ಕೆಲಸ. ಕೊನೆಗೆ ತಳದಿಂದ ಎಳೆದದ್ದು ತೆಳು ಹತ್ತಿಯ ನೀಲಿ ಸೀರೆ, ಮಾವಿನಹಣ್ಣಿನ ಬಣ್ಣದ ಸಣ್ಣ ಅಂಚು. ತೊಳೆದು ತೊಳೆದು ಮೆತ್ತಗಾಗಿತ್ತು, ಮೈಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅದಕ್ಕೆಂದೇ ಮೂರು ವರ್ಷದ ಹಿಂದೆ ಹೊಲಿಸಿದ್ದ ತೋಳಿಲ್ಲದ ರವಿಕೆಯೂ ಇತ್ತು. ಹೊಲಿಸಿದ ದಿನವೇ ಹೆದರಿ ಒಳಗಿಟ್ಟಿದ್ದೆ. ಹಾಕಿಕೊಂಡೆ. ತೋಳಿಗೆ ಗಾಳಿ ತಾಗಿದಾಗ, ಅಯ್ಯೋ ದೇವರೇ, ಎಂಥ ಹಿತ! ಚಪ್ಪಟೆ ಚರ್ಮದ ಚಪ್ಪಲಿ, ಕಿವಿಗೆ ಬೆಳ್ಳಿಯ ಬುಗುಡಿ, ಕೈಯಲ್ಲಿ ಪುಟ್ಟ ಪರ್ಸು. ಫೈಲಿನ ಚೀಲವನ್ನು ಮೊಳೆಯ ಮೇಲೇ ಬಿಟ್ಟೆ. ಕನ್ನಡಿ ನೋಡಿ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಗೇಟು ತೆಗೆದೆನೋ ಇಲ್ಲವೋ, ಪಕ್ಕದ ಮನೆಯ ಅಮ್ಮ ಜಗಲಿಯಿಂದಲೇ ಕೂಗಿದರು, “ಯಾರ ಮನೆ ಊಟ?”

ನಮ್ಮ ಕಡೆ ಒಳ್ಳೆಯ ಸೀರೆ ಉಟ್ಟವರನ್ನು ಕೇಳುವ ಮೊದಲ ಪ್ರಶ್ನೆ ಅದು. ಸುಮ್ಮನೆ ಚೆಂದ ಕಾಣಲೆಂದು ಯಾರಾದರೂ ಸೀರೆ ಉಡುತ್ತಾರೆಯೇ? ಮದುವೆ, ಉಪನಯನ, ಮನೆ ಒಕ್ಕಲು, ಏನಾದರೊಂದು ಇರಲೇಬೇಕು. ಬೇಸಿಗೆಯಲ್ಲಂತೂ ದಿನಕ್ಕೆ ಮೂರು ಊಟ. ನನ್ನ ನಾಲಿಗೆ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು: “ತೀರ್ಥಹಳ್ಳೀಲಿ ರಿಸೆಪ್ಶನ್ನು. ನಮ್ಮ ಲೈಬ್ರರಿಗೆ ಬರ್ತಿದ್ದ ಹುಡುಗಿದು.”

“ಬರೀ ಕೈಯಲ್ಲಿ ಹೋಗ್ತೀಯಾ? ಎಂತ ಮಾರಾಯ್ತಿ ನೀನು! ತಡಿ.” ಒಳಗೆ ಹೋದವರು ಬಟ್ಟೆ ಚೀಲವೊಂದನ್ನು ತಂದು ಕೈಗೆ ತುರುಕಿದರು. ಹಲಸಿನ ಹಪ್ಪಳ, ನೂಲು ಕಟ್ಟಿದ ಎರಡು ದೊಡ್ಡ ಕಟ್ಟು, ಹಿಂದಿನ ವಾರವಷ್ಟೇ ಅವರ ಅಂಗಳದಲ್ಲಿ ಒಣಗಿದ್ದು. “ಹೊಸ ಸಂಸಾರ ಹೂಡ್ತಾ ಇದೆ ಹುಡುಗಿ. ಮಳೆಗಾಲಕ್ಕೆ ಬೇಕಾಗತ್ತೆ. ಪಕ್ಕದ ಮನೆಯವರು ಕೊಟ್ರು ಅನ್ನು.” ಚೀಲ ಹಿಡಿದುಕೊಂಡೆ. ತೆರೆದ ತೋಳಿನ ಮೇಲೆ ಸೆರಗು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಕೂತಲ್ಲಿ ಕೂರಲಾಗಲಿಲ್ಲ. ಚೀಲವನ್ನು ಕಾಲ ಬಳಿ ಇಡುವುದು, ಹಪ್ಪಳ ಮುರಿದೀತೆಂದು ಮತ್ತೆ ತೊಡೆಯ ಮೇಲೆ ಇಡುವುದು. ಸೆರಗು ಹೊದೆಯುವುದು, ಸೆಖೆಗೆ ತೆಗೆಯುವುದು, ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ನೋಡಿ ಮತ್ತೆ ಹೊದೆಯುವುದು. ಇಳಿಯುವ ಹೊತ್ತಿಗೆ ನನಗೆ ನನ್ನ ಮೇಲೇ ರೇಗಿಹೋಗಿತ್ತು.

ತುಂಗಾ ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಅವರು ಅಲ್ಲಿ ನಿಂತಿದ್ದರು, ತಿಳಿ ಹಸಿರು ಬಣ್ಣದ ಹೊಸ ಶರ್ಟಿನಲ್ಲಿ. “ಬಂದ್ರಾ!” ಎಂದವರು ನನ್ನನ್ನೇ ನೋಡುತ್ತ ನಿಂತುಬಿಟ್ಟರು. ನಾನು ಸೆರಗನ್ನು ಹೆಗಲಿಂದ ಇಳಿಯಲು ಬಿಟ್ಟೆ. ಹೊಳೆಯ ಗಾಳಿ ಬೀಸುತ್ತಿತ್ತು. ಆ ಹತ್ತು ನಿಮಿಷ ನಾನು ತುಂಬಾ ಸುಖವಾಗಿದ್ದೆ.

ಆಮೇಲೆ ಅವರು ಕೇಳಿದರು, “ಚೀಲದಲ್ಲಿ ಏನು?”

ನಾನು ನಗುತ್ತ ಎಲ್ಲ ಹೇಳಿದೆ. ಅವರೂ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. “ಈ ಶರ್ಟು ಇಸ್ತ್ರಿ ಮಾಡಿಕೊಟ್ಟಿದ್ದು ನನ್ನ ಅಮ್ಮ,” ಎಂದರು. “ಯಾರನ್ನ ನೋಡೋಕೆ ಹೋಗ್ತೀನಿ ಅಂತ ಹೇಳಿಯೇ ಬಂದೆ. ನೀವು ಇವತ್ತೂ ಬೇರೆ ಎಲ್ಲಿಗೋ ಬಂದಿದ್ದೀರಿ.”

“ಸೀರೆ ಉಟ್ಟು ಬಂದಿಲ್ವಾ? ಇನ್ನೇನು ಮಾಡ್ಬೇಕು ನಾನು?” ನನ್ನ ದನಿ ಏರಿತು.

“ಚೆನ್ನಾಗಿದೆ ಸೀರೆ. ಆದ್ರೆ ಯಾರದೋ ರಿಸೆಪ್ಶನ್ನಿಗೆ ಉಟ್ಟಿದ್ದಲ್ವಾ?” ಚೀಲವನ್ನು ಎತ್ತಿ ಮೆಲ್ಲಗೆ ನನ್ನ ಕೈಗೇ ಕೊಟ್ಟರು. “ಇದು ನನಗೆ ಕೊಟ್ಟಿದ್ದಲ್ಲ.” ಬಸ್ಸಿನವರೆಗೆ ಜೊತೆಗೆ ಬಂದರು. ಮುಂದಿನ ಶನಿವಾರದ ಮಾತು ಎತ್ತಲಿಲ್ಲ.

ದಾರಿಯುದ್ದಕ್ಕೂ ಅವರಿಗೆ ಮನಸಾರೆ ಬೈದೆ. ಏನು ಮಹಾ ಜಂಬ! ಗಂಡಸು, ಅಮ್ಮನ ಹತ್ತಿರ ಹೇಳಿ ಬಂದರೆ ನಡೆಯುತ್ತದೆ. ಗಂಡನನ್ನು ಬಿಟ್ಟುಬಂದ ಹೆಂಗಸು ತೋಳಿಲ್ಲದ ರವಿಕೆ ತೊಟ್ಟರೆ ಬೀದಿ ಬಿಡುತ್ತದೆಯೇ? ಬೈದು ಬೈದು ಊರು ಹತ್ತಿರ ಬರುವ ಹೊತ್ತಿಗೆ ಬೈಗುಳ ಖಾಲಿಯಾಯಿತು. ಆಗ ಅಳು ಬಂತು. ಎರಡು ಗಂಟೆ ಸೀರೆ ಆರಿಸಿದವಳು, ಯಾರ ಮನೆ ಊಟ ಎಂಬ ಆ ಒಂದು ಪ್ರಶ್ನೆಗೆ ಏನು ಹೇಳಬೇಕೆಂದು ಒಂದು ನಿಮಿಷವೂ ಯೋಚಿಸಿರಲಿಲ್ಲ.

ಬೀದಿಗೆ ಬಂದಾಗ ಮುಸ್ಸಂಜೆ. ಕರೆಂಟು ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಅಮ್ಮ ಬೀಸಣಿಗೆ ಹಿಡಿದು ಜಗಲಿಯಲ್ಲೇ ಕೂತಿದ್ದರು. “ಇಷ್ಟು ಬೇಗ ಮುಗೀತಾ ರಿಸೆಪ್ಶನ್ನು?”

ನಾನು ಚೀಲವನ್ನು ಅವರ ಪಕ್ಕದಲ್ಲಿಟ್ಟೆ. “ರಿಸೆಪ್ಶನ್ ಇರ್ಲಿಲ್ಲ, ಅಮ್ಮ. ಸುಳ್ಳು ಹೇಳ್ದೆ. ತೀರ್ಥಹಳ್ಳೀಲಿ ಒಬ್ರನ್ನ ನೋಡೋಕೆ ಹೋಗಿದ್ದೆ. ನಾಲ್ಕನೇ ಸಲ. ನನಗೆ ಅವರು ಇಷ್ಟ.”

ಬೀಸಣಿಗೆ ನಿಂತಿತು. ಅವರು ನನ್ನ ಮುಖ ನೋಡಿದರು, ಬರಿಯ ತೋಳು ನೋಡಿದರು, ಚೀಲ ನೋಡಿದರು.

“ಮತ್ತೆ ಇದನ್ನ ಯಾಕೆ ವಾಪಸ್ ತಂದೆ? ಅವರು ಹಪ್ಪಳ ತಿನ್ನಲ್ವಾ?”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಗುವೋ ಅಳುವೋ ತಿಳಿಯಲಿಲ್ಲ. ಪರ್ಸಿನಿಂದ ಫೋನು ತೆಗೆದು ಅವರೆದುರೇ ತೀರ್ಥಹಳ್ಳಿಯ ನಂಬರು ಒತ್ತಿದೆ.

“ಎಲ್ಲಿದ್ದೀರಿ?” ಎಂದರು ಅತ್ತ ಕಡೆಯಿಂದ.

“ಪಕ್ಕದ ಮನೆ ಜಗಲೀಲಿ. ನಿಮ್ಮನ್ನ ನೋಡೋಕೆ ಹೋಗಿದ್ದೆ ಅಂತ ಹೇಳ್ದೆ. ನೀವು ಹಪ್ಪಳ ತಿನ್ನಲ್ವಾ ಅಂತ ಕೇಳ್ತಿದ್ದಾರೆ.”

ಅವರು ನಕ್ಕರು. “ತಿಂತೀನಿ. ಶನಿವಾರ ನಾನೇ ನಿಮ್ಮ ಬೀದಿಗೆ ಬಂದು ತಗೊಂಡು ಹೋಗ್ಬಹುದಾ, ಕೇಳಿ ಅವರನ್ನ.”

ನಾನು ಎದ್ದು ನಿಂತು, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ.