ಲೆಕ್ಕ ಸಿಗದ ಅಡುಗೆ

ಎರಡು ಮೊಟ್ಟೆ ಬೇಯಿಸಿ ಮೂವರಿಗೆ ಬಡಿಸಿದರೆ ಬಡತನ ತಟ್ಟೆಯಲ್ಲೇ ಕಾಣುತ್ತದೆ. ಅದೇ ಎರಡು ಮೊಟ್ಟೆಯನ್ನು ಹಿತ್ತಿಲಿನ ನುಗ್ಗೆಸೊಪ್ಪಿನ ಜೊತೆ ಬಾಣಲೆಗೆ ಒಡೆದು ಹಾಕಿ, ಮೇಲೊಂದು ಹಿಡಿ ತೆಂಗಿನ ತುರಿ ಉದುರಿಸಿದರೆ ಯಾರ ಪಾಲಿಗೆ ಎಷ್ಟು ಮೊಟ್ಟೆ ಬಂತೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಇದನ್ನು ನಾನು ಯಾವ ಅಡುಗೆ ಪುಸ್ತಕದಲ್ಲೂ ಓದಿದ್ದಲ್ಲ. ನನ್ನ ಗಂಡ ಹೊಟ್ಟೆ ತುಂಬ ಉಣ್ಣಬೇಕು ಎಂಬ ಹಟದಿಂದ ಕಲಿತದ್ದು.

ಅವರು ಹನ್ನೊಂದು ವರ್ಷ ಗಲ್ಫಿನಲ್ಲಿ ಡ್ರೈವರ್ ಆಗಿದ್ದರು. ಕಂಪೆನಿ ಮುಚ್ಚಿತು, ಊರಿಗೆ ಬಂದರು. ಈಗ ಬೆಳ್ತಂಗಡಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾರೆ. ಆದರೆ ಆ ಕೆಲಸ ಸಿಗುವುದಕ್ಕೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಬೇಕಾಯಿತು. ಅಷ್ಟು ದಿನ ಪುಂಜಾಲಕಟ್ಟೆಯ ಹತ್ತಿರದ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದದ್ದು ನನ್ನ ಸಂಬಳ ಮಾತ್ರ. ಬಂಟ್ವಾಳದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸ ನನ್ನದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅವರು, ನಾನು, ಏಳನೆಯ ತರಗತಿಯ ಮಗಳು, ಮೂವರೂ ಕಾಲು ಮಡಚಿಕೊಂಡೇ ಇದ್ದೆವು. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಹನ್ನೊಂದು ವರ್ಷ ಫೋನಿನಲ್ಲೇ ಊಟ ಆಯಿತಾ ಎಂದು ಕೇಳುತ್ತಿದ್ದ ಮನುಷ್ಯ ಎದುರಿಗೆ ಕುಳಿತಿದ್ದಾರೆಂಬ ಸಂತೋಷವೇ ದೊಡ್ಡದಿತ್ತು.

ಆದರೆ ಆ ಮನುಷ್ಯ ಉಣ್ಣುತ್ತಿರಲಿಲ್ಲ. ಎರಡು ಸೌಟು ಗಂಜಿಗೆ ಸಾಕೆನ್ನುತ್ತಿದ್ದರು. ಮೀನು ಬಡಿಸಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಲಿ ಕಟ್ಟಿ, ಬಾವಿಯಿಂದ ನೀರು ಸೇದಿ, ಪಾತ್ರೆ ತೊಳೆದಿಟ್ಟವರಿಗೆ ಅಷ್ಟರಲ್ಲೇ ಹೊಟ್ಟೆ ತುಂಬುವುದುಂಟೇ? ಒಂದು ದಿನ ಅವರು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆಯುವುದನ್ನು ನೋಡಿದೆ. ದುಡಿಯದವನು ತಿನ್ನಬಾರದೆಂದು ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾರೆಂದು ಆಗ ಹೊಳೆಯಿತು. ಮೊದಲು ಅಳು ಬಂತು, ಆಮೇಲೆ ಸಿಟ್ಟು. ಸಿಟ್ಟು ಬಂದರೆ ನನ್ನ ಅಡುಗೆ ಚೆನ್ನಾಗಿ ಆಗುತ್ತದೆ.

ಹೇಳಿದರೆ ಕೇಳುವ ಜನ ಅಲ್ಲ. ಹಾಗಾಗಿ ನಾನು ಎಣಿಸಲು ಬರುವ ಅಡುಗೆಯನ್ನೇ ನಿಲ್ಲಿಸಿಬಿಟ್ಟೆ. ನೀರುದೋಸೆ ಬಂದ್. ಚಪಾತಿ ಬಂದ್. ರೇಷನ್ನಿನ ಬಿಳಿ ಅಕ್ಕಿಯ ಅನ್ನ ನಮಗೆ ಗಂಟಲಲ್ಲಿ ಇಳಿಯುವುದಿಲ್ಲ, ಊಟಕ್ಕೆ ಕುಚ್ಚಲಕ್ಕಿಯೇ ಆಗಬೇಕು. ಆ ಬಿಳಿ ಅಕ್ಕಿಯನ್ನು ರುಬ್ಬಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ ಪುಂಡಿ ಮಾಡುತ್ತೇವೆ. ಮೊದಲ ಸಲ ಎಂದಿನ ಹಾಗೆ ದೊಡ್ಡ ದೊಡ್ಡ ಪುಂಡಿ ಮಾಡಿದೆ. ಎರಡು ತಿಂದು ಎದ್ದರು. ಮರುವಾರ ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ, ಬಸಳೆ ಮತ್ತು ಒಣ ಸಿಗಡಿಯ ಗಸಿಯಲ್ಲಿ ಮುಳುಗಿಸಿಟ್ಟೆ. ಸೌಟಿಗೆ ಎಷ್ಟು ಬಂತೋ ಅಷ್ಟು. ಮೂರು ಸೌಟು ಉಂಡರು. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಚುನಾವಣೆ ಗೆದ್ದಷ್ಟು ಖುಷಿಯಾಯಿತು.

ಆಮೇಲೆ ನನ್ನ ಕೈ ನಿಲ್ಲಲಿಲ್ಲ. ಪಕ್ಕದ ಮನೆಯಿಂದ ಎಳೆ ಹಲಸಿನಂಥ ಜೀಗುಜ್ಜೆ ಕಾಯಿ ಬಂದ ದಿನ ಕಾಲು ಕಿಲೋ ಕೋಳಿ ತಂದು ಎರಡನ್ನೂ ಒಂದೇ ಮಸಾಲೆಯಲ್ಲಿ ನೀರಾರುವ ತನಕ ಹುರಿದು ಸುಕ್ಕ ಮಾಡಿದೆ. ಕೋಳಿ ಎಲ್ಲಿ ಮುಗಿಯಿತು, ಜೀಗುಜ್ಜೆ ಎಲ್ಲಿ ಸುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಹಲಸಿನ ಬೀಜ ಜಜ್ಜಿ ಒಣಮೀನಿನ ಚಟ್ನಿಗೆ ಸೇರಿಸಿದೆ. ಉಳಿದ ಅನ್ನ, ಹುಳಿ ಮಜ್ಜಿಗೆ, ಗಾಂಧಾರಿ ಮೆಣಸು, ಇಷ್ಟಿದ್ದರೆ ರಾತ್ರಿಯ ಊಟ ತಯಾರು. ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾರ್ಡರ್ ತೋರಿಸುವಾಗಲೂ ನನ್ನ ತಲೆಯಲ್ಲಿ ಒಲೆ ಉರಿಯುತ್ತಿತ್ತು. ಸುಳ್ಳೇಕೆ, ಆ ದಿನಗಳಲ್ಲಿ ನಾನು ಸುಖವಾಗಿಯೇ ಇದ್ದೆ.

ಬೂತಾಯಿ ಮೀನು ಮಾತ್ರ ನನ್ನ ಮಾತು ಕೇಳಲಿಲ್ಲ. ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದರೆ ಮಗಳು ಬಟ್ಟಲು ಹಿಡಿದು ಓಡುತ್ತಿದ್ದಳು, ಅಗ್ಗಕ್ಕೆ ಸಿಗುವ ಮೀನು ಅದೇ. ಆದರೆ ಪುಳಿಮುಂಚಿಗೆ, ಅದರ ಹುಳಿಖಾರದ ಗಟ್ಟಿ ಸಾರಿಗೆ, ಇಡೀ ಮೀನೇ ಬೀಳಬೇಕು. ಇಡೀ ಮೀನೆಂದರೆ ಎಣಿಕೆ. ಆ ದಿನ ಅವರು ಮತ್ತೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲೇ ಕುಳಿತು, ಮಸಾಲೆ ಅಂಟಿದ ಪಾತ್ರೆಗೆ ಅನ್ನ ಹಾಕಿ ಕಲಸಿ ಉಣ್ಣುತ್ತಿದ್ದೆ. ನನ್ನ ಅಮ್ಮನೂ ಹಾಗೆಯೇ ಉಣ್ಣುತ್ತಿದ್ದದ್ದು. ಉಳಿದ ಮೀನನ್ನು ಮುಚ್ಚಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಮಗಳ ಗಂಜಿಗೆ ಹಾಕುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ, ತಂದೆಯ ಜೊತೆ ಊಟಕ್ಕೆ ಕುಳಿತ ಮಗಳು ನನ್ನನ್ನು ಕೂಗಿ ಹೇಳಿದಳು, "ಅಮ್ಮ, ನಾಳೆ ಬೆಳಿಗ್ಗೆ ನನಗೆ ಮೀನು ಬೇಡ. ಪಪ್ಪ ಬಿಟ್ಟದ್ದನ್ನೆಲ್ಲ ನಾನೇ ಯಾಕೆ ತಿನ್ಬೇಕು?"

ಅವರು ತಲೆ ಎತ್ತಿದರು. ನಾನು ಬಿಟ್ಟದ್ದು ನಿನಗಲ್ಲ, ಅಮ್ಮನಿಗೆ ಎಂದರು. ಅದು ಕೇಳಿದ್ದೇ ನನಗೆ ಎಲ್ಲಿತ್ತೋ ಸಿಟ್ಟು, ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಬೆಲ್ಟಿನ ತೂತಿನಿಂದ ಹಿಡಿದು ಪುಂಡಿಯ ಗಾತ್ರದವರೆಗೆ ಒಂದೂ ಬಿಡದೆ ಹೇಳಿಬಿಟ್ಟೆ. ಒಬ್ಬ ಗಂಡಸಿಗೆ ಅನ್ನ ತಿನ್ನಿಸಲು ಇಷ್ಟು ನಾಟಕ ಆಡಬೇಕಾ ಎಂದು ಕೇಳಿದೆ. ನಾನು ಸುಸ್ತಾಗಿ ನಿಂತ ಮೇಲೆ ಅವರು ಮೆಲ್ಲಗೆ ಹೇಳಿದರು.

"ನಾಚಿಕೆ ಇತ್ತು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಪಾತ್ರೆ ತೊಳೆಯುವವ ನಾನಲ್ವಾ. ಬಂದ ದಿನದಿಂದ ನೋಡ್ತಾ ಇದ್ದೇನೆ, ನಿನ್ನ ಊಟದ ಪಾತ್ರೆಯಲ್ಲಿ ಮೀನಿನ ಒಂದು ಮುಳ್ಳೂ ಸಿಗ್ಲಿಲ್ಲ. ಒಂದು ಮೀನು ಬಿಟ್ಟು ನೋಡಿದೆ, ಎರಡು ಬಿಟ್ಟು ನೋಡಿದೆ. ಆಗ್ಲೂ ಸಿಗ್ಲಿಲ್ಲ."

ನಾನು ಸೌಟು ಕೆಳಗಿಟ್ಟೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಮನೆಯ ಲೆಕ್ಕದಲ್ಲಿ ನನ್ನನ್ನೇ ಬಿಟ್ಟಿದ್ದೆ.

ಅವರು ಎದ್ದು ಕೈ ತೊಳೆದು, ಅಟ್ಟದಿಂದ ಸ್ಟೀಲಿನ ದೊಡ್ಡ ಹರಿವಾಣ ಇಳಿಸಿದರು. ಅನ್ನವನ್ನೆಲ್ಲ ಅದಕ್ಕೆ ಸುರಿದು, ಮೇಲೆ ಪುಳಿಮುಂಚಿ ಹೊಯ್ದು, ಮೀನುಗಳನ್ನು ಮೂರು ಬದಿಗೆ ಸಮನಾಗಿ ಇಟ್ಟರು. ಗಲ್ಫಿನ ರೂಮಿನಲ್ಲಿ ಏಳು ಜನ ಹೀಗೆಯೇ ಉಣ್ಣುತ್ತಿದ್ದರಂತೆ. ಜೊತೆಗಿದ್ದ ನಮ್ಮ ಕಡೆಯ ಬ್ಯಾರಿ ಮುಸ್ಲಿಂ ಗೆಳೆಯರು ಕಲಿಸಿದ ಕ್ರಮ. ಎಲ್ಲರ ಬದಿಯೂ ಖಾಲಿಯಾಗದೆ ಒಬ್ಬನೂ ಏಳಬಾರದು. ಸಂಬಳ ಬಾರದ ತಿಂಗಳು ಸಂಕೋಚದಿಂದ ಕಡಿಮೆ ತಿನ್ನುವವನು ಅಲ್ಲೇ ಸಿಕ್ಕಿಬೀಳುತ್ತಿದ್ದನಂತೆ.

ನನಗೆ ಕೈ ಹಾಕಲು ಮನಸ್ಸು ಬರಲಿಲ್ಲ. ಬಡಿಸುವ ಸೌಟು ಉಣ್ಣುವವರ ತಟ್ಟೆಗೆ ತಾಗಿದರೂ ತೊಳೆದೇ ಪಾತ್ರೆಗೆ ಹಾಕುವ ಮನೆಯಲ್ಲಿ ಬೆಳೆದವಳು. ಎಂಜಲಲ್ಲವಾ ಎಂದೆ.

"ಏಳು ಜನ ಹನ್ನೊಂದು ವರ್ಷ ಉಂಡಿದ್ದೇವೆ ಮಾರಾಯ್ತಿ. ಕೂತ್ಕೋ."

ಕುಳಿತೆ. ಮಗಳಿಗೆ ಅದೊಂದು ಆಟ, ತನ್ನ ಬದಿಯ ಗಡಿಯನ್ನು ಬೆರಳಿನಿಂದ ಗೀರಿ ಉಂಡಳು. ಅವರು ಹಸಿದವರ ಹಾಗೆ ಉಂಡರು, ತಲೆ ಎತ್ತದೆ, ತುತ್ತಿನ ಮೇಲೆ ತುತ್ತು. ಎಷ್ಟೋ ತಿಂಗಳಿನಿಂದ ನಾನು ನೋಡಬೇಕೆಂದಿದ್ದದ್ದು ಇದನ್ನೇ. ನೋಡುತ್ತಾ ನೋಡುತ್ತಾ ನನ್ನ ಕೈ ನಿಂತಿತ್ತು. ಇಬ್ಬರ ಬದಿಯೂ ಖಾಲಿಯಾಯಿತು. ನನ್ನ ಕಡೆ ಅನ್ನ ದಿಬ್ಬದಂತೆ ಇತ್ತು, ಅದರ ಮೇಲೆ ಮೂರು ಬೂತಾಯಿ. ಅವರು ಏಳಲಿಲ್ಲ, ಮಗಳನ್ನೂ ಏಳಲು ಬಿಡಲಿಲ್ಲ. ಇಬ್ಬರ ಬೆರಳುಗಳೂ ಒಣಗುತ್ತಿದ್ದವು.

ಕಣ್ಣು ಮಂಜಾದರೆ ಮೀನು ತಿನ್ನುವುದು ಕಷ್ಟ, ನಿಧಾನಕ್ಕೆ ತಿಂದೆ. ಒಂದೊಂದೇ ಮುಳ್ಳನ್ನು ತೆಗೆದು, ಅವರಿಗೆ ಕಾಣುವ ಹಾಗೆ ಹರಿವಾಣದ ಅಂಚಿನಲ್ಲಿ ಸಾಲಾಗಿ ಇಟ್ಟೆ.