ಸೈದಪ್ಪ ನಿದ್ದೆಯ ಗಾಡಿ ಹುಡುಕಿದ್ದು

ಸೈದಪ್ಪನನ್ನು ನಾನು ಮೊದಲ ಸಲ ನೋಡಿದಾಗ ಒಂದು ನಾಯಿಗೆ ಬೈಯುತ್ತಿದ್ದೆ. ಕೋಪರಖೈರಣೆಯಲ್ಲಿ ಖಾಡಿಯ ಕಡೆ, ಅಂದರೆ ಸಮುದ್ರದ ಹಿನ್ನೀರಿನ ಕಡೆ ಹೋಗುವ ರಸ್ತೆ. ಅಲ್ಲಿ ಮರದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಮೆಂತೆ ಪಲ್ಲೆ ಸೋಸುತ್ತಾ ಕೂತಿದ್ದೆ. ಸಂಜೆಗೆ ಹೋಟೆಲ್ಲಿನವರಿಗೆ ಕೊಡಬೇಕಿತ್ತು. ನಾಯಿ ಬಂದು ಸೋಸಿದ ರಾಶಿಯ ಮೇಲೇ ಮಲಗಿತು.

"ನಿನ್ನ ಹೆಣಾ ಎತ್ತಲಿ, ಬ್ಯಾರೆ ಜಾಗಾ ಇದ್ದಿಲ್ಲೇನ ನಿನಗ?" ಅಂದೆ.

ಪಕ್ಕದಲ್ಲಿ ಬೆಳ್ಳಿ ಬಣ್ಣದ ಹಳೇ ಕಾರು ನಿಂತಿತ್ತು. ಅದರ ಆಚೆಯಿಂದ ಒಬ್ಬ ಗಂಡಸು ತಲೆ ಎತ್ತಿದ. ಬಾಯಿಯ ಮೇಲೆ ಬೆರಳಿಟ್ಟುಕೊಂಡು ಸಪ್ಪಳಿಲ್ಲದೆ ಬಂದ.

"ಯವ್ವಾ, ಬೈಗಳಾ ನಮ್ಮ ಕಡೀದ ಅದ. ಯಾವೂರು ನಿಂದು?" ಅಂತ ಪಿಸುಗುಟ್ಟಿದ.

"ಸಿಂದಗಿ ಕಡೆ. ನೀ ಯಾಕ ಕಳ್ಳರಂಗ ಮಾತಾಡ್ತಿ?"

"ನನ್ನ ಹೇಣ್ತಿ ಮಲಗ್ಯಾಳ. ನಾಯಿಗೆ ಇನ್ನೂ ಬೈಯೂದಿದ್ರ ಸಣ್ಣ ದನಿಯಾಗ ಬೈ."

ಎದ್ದು ನೋಡಿದೆ. ಮುಂದಿನ ಸೀಟನ್ನು ಹಿಂದಕ್ಕೆ ವಾಲಿಸಿ ಒಬ್ಬ ಹೆಂಗಸು ಕೌದಿ ಹೊದ್ದು ಮಲಗಿದ್ದಳು. ಗಾಜು ಅರ್ಧ ಇಳಿದಿತ್ತು. ಎಲೆಗಳ ನೆರಳು ಆಕೆಯ ಮುಖದ ಮೇಲೆ ಬರುತ್ತಿತ್ತು, ಹೋಗುತ್ತಿತ್ತು. ಗಾಡಿ ನಿಂತೇ ಇತ್ತು, ಆದರೂ ಎಲ್ಲಿಗೋ ಹೊರಟ ಹಾಗೆ ಕಾಣುತ್ತಿತ್ತು.

ಆಕೆ ದಾನಮ್ಮ. ಗಂಡ ಹೆಂಡತಿ ಇಬ್ಬರೂ ಕಲಬುರಗಿ ಕಡೆಯವರು. ಇಲ್ಲಿ ಬಿಲ್ಡಿಂಗ್ ಏಳುವಾಗ ಸಿಮೆಂಟು ಹೊತ್ತು ಬದುಕಿದವರು. ಸೈದಪ್ಪ ಡ್ರೈವಿಂಗ್ ಕಲಿತು ಟ್ಯಾಕ್ಸಿ ಇಟ್ಟ. ದಾನಮ್ಮನ ಎದೆಯಲ್ಲಿ ಮಾತ್ರ ಆ ಧೂಳು ಉಳಿದುಬಿಟ್ಟಿತು. ಅಡ್ಡಾದರೆ ಉಸಿರು ಹಿಡಿಯುತ್ತಿತ್ತು. ಗೋಡೆಗೆ ದಿಂಬು ಒಟ್ಟಿ ನೋಡಿದರು, ಆರಾಮ ಕುರ್ಚಿ ತಂದು ನೋಡಿದರು. ನಿದ್ದೆ ಬಂದದ್ದು ಕಾರಿನ ಆ ಒಂದು ಸೀಟಿನಲ್ಲಿ ಮಾತ್ರ. ಬೆಳಿಗ್ಗೆ ಬೇಲಾಪುರದ ಆಫೀಸಿನವರನ್ನು ಬಿಟ್ಟು ಬಂದ ಮೇಲೆ, ಸಂಜೆ ಅವರನ್ನು ಕರೆತರಲು ಹೋಗುವವರೆಗೆ ಆ ಗಾಡಿ ಆಕೆಯದು.

ಆಮೇಲೆ ನಾನೂ ದಿನಾ ಅಲ್ಲೇ ಕೂರತೊಡಗಿದೆ. ಪಲ್ಲೆ ಮುರಿಯುವ ಸಪ್ಪಳ ಕೇಳಿದರೆ ಕಣ್ಣು ಜಡವಾಗುತ್ತದೆ ಅಂತ ದಾನಮ್ಮ ಹೇಳುತ್ತಿದ್ದಳು. ಎದ್ದ ಕೂಡಲೇ ಗಂಡ ಕೇಳುತ್ತಿದ್ದ, "ಇವತ್ತ ಎಲ್ಲೀತನಾ ಹೋಗಿದ್ದಿ, ದಾನಿ?"

"ನೀರಿನ ಮ್ಯಾಲ ಹೋಯ್ತ್ರಿ ಗಾಡಿ. ಗುಲಾಬಿ ಹಕ್ಕಿ ಇದ್ದು. ಒಂದೂ ಹಾರಲಿಲ್ಲ."

"ಸ್ಟೇರಿಂಗ್ ಯಾರ ಕೈಯಾಗಿತ್ತು?"

"ಯಾರೂ ಇದ್ದಿಲ್ಲ. ಅದಕ್ಕ ಅಷ್ಟ್ ಛಲೋ ಹೋಗ್ತಿತ್ತು."

ಅವನು ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ನಾನೂ ಮನೆಗೆ ಹೋಗುವಾಗ ನೀರಿನ ಮೇಲೆ ನಡೆದ ಹಾಗೇ ಹೋಗುತ್ತಿದ್ದೆ.

ಗಾಡಿಗೆ ವಯಸ್ಸಾಗಿತ್ತು. ಉಪ್ಪುಗಾಳಿಗೆ ತಳ ತಿಂದುಹೋಗಿ ಮಳೆಗಾಲದಲ್ಲಿ ಕಾಲ ಕೆಳಗೆ ನೀರು ಬರುತ್ತಿತ್ತು. ಆ ವರ್ಷದ ನಂತರ ಅದನ್ನು ಟ್ಯಾಕ್ಸಿಯಾಗಿ ಓಡಿಸಲು ಸರಕಾರದ ಪಾಸಿಂಗ್ ಸಿಗುತ್ತಿರಲಿಲ್ಲ. ಹೊಸದು ಕೈಗೆಟುಕುವ ಮಾತಲ್ಲ. ಎರಡೂವರೆ ಲಕ್ಷದ ಒಳಗೆ ಯಾರೋ ಓಡಿಸಿ ಬಿಟ್ಟದ್ದೇ ಆಗಬೇಕು. ಗಾಡಿ ಇಲ್ಲದಿದ್ದರೆ ಅನ್ನವಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಸೈದಪ್ಪನ ಚಿಂತೆಯೇ ಬೇರೆ. ಹೊಸ ಗಾಡಿಯಲ್ಲಿ ದಾನಮ್ಮನಿಗೆ ನಿದ್ದೆ ಬರದಿದ್ದರೆ?

ಅವರ ಮಗಳು ಭಾಗ್ಯಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಫೋನಿನಲ್ಲಿ ಒಂದೊಂದೇ ಗಾಡಿ ತೋರಿಸಿ ಎಷ್ಟು ಓಡಿದೆ, ಒಂದು ಕಿಲೋ ಗ್ಯಾಸಿಗೆ ಎಷ್ಟು ದೂರ ಹೋಗುತ್ತದೆ ಅಂತ ಓದುತ್ತಿದ್ದಳು. ಅಪ್ಪ ಎಲ್ಲಾ ಕೇಳಿ, "ಮುಂದಿನ ಸೀಟು ಎಷ್ಟ್ ಹಿಂದ ಬೀಳ್ತದ?" ಅನ್ನುವನು.

"ಪಪ್ಪಾ, ಗಾಡಿ ಲೇ ರಹೇ ಹೋ ಯಾ ಪಲಂಗ್?"

"ಎರಡೂ. ಗಾಡೀನೂ ಹೌದು, ಮಂಚಾನೂ ಹೌದು."

ಹಳೇ ಗಾಡಿಯಲ್ಲೇ ನಾಲ್ವರೂ ಹುಡುಕಲು ಹೋದೆವು. ಪಲ್ಲೆಯ ಸಪ್ಪಳ ಬೇಕು ಅಂತ ದಾನಮ್ಮ ನನ್ನನ್ನೂ ಮೆಂತೆ ಕಟ್ಟುಗಳ ಸಮೇತ ಎಳೆದುಕೊಂಡು ಬಂದಿದ್ದಳು. ಠಾಣೆಯಲ್ಲಿ ನೋಡಿದ ಗಾಡಿಯ ಸೀಟಿನಲ್ಲಿ ತಲೆ ಇಡುವ ಉಬ್ಬು ಕುತ್ತಿಗೆಯನ್ನು ಮುಂದಕ್ಕೆ ನೂಕುತ್ತಿತ್ತು. "ಸಾಲ್ಯಾಗ ಮಾಸ್ತರ ಮುಂದ ಕುಂತಂಗ ಆಗ್ತದ" ಅಂತ ದಾನಮ್ಮ ಇಳಿದುಬಿಟ್ಟಳು. ಡೊಂಬಿವಲಿಯ ಗಾಡಿಗೆ ಏನೋ ಅತ್ತರು ಹೊಡೆದಿದ್ದರು. ಬಾಗಿಲು ತೆಗೆದದ್ದೇ ಕೆಮ್ಮು ಹತ್ತಿತು.

ಕಡೆಗೆ ಕಲ್ಯಾಣ ಶೀಲ್ ರಸ್ತೆಯಲ್ಲಿ ಹಳೇ ಗಾಡಿ ಮಾರುವ ಸುಜನ್ ಅನ್ನುವವರ ಅಂಗಳಕ್ಕೆ ಹೋದೆವು. ಉಡುಪಿ ಕಡೆಯವರು, ತಲೆ ನರೆತ ಮನುಷ್ಯ. ಕನ್ನಡ ಕೇಳಿ ಖುಷಿಯಾಗಿ ಕೀಲಿ ಹಿಡಿದು ಬಂದರು.

"ಒಂದು ರೌಂಡು ಹೊಡೆದು ಬನ್ನಿ."

"ರೌಂಡ್ ಆಮ್ಯಾಲ್ರಿ. ಮೊದಲ ಈಕಿ ಮಲಗ್ಲಿ" ಅಂದ ಸೈದಪ್ಪ.

"ಎಂತ ಮಾರಾಯ್ರೆ! ನಿದ್ದೆ ಮಾಡುವ ಡ್ರೈವರನ್ನು ನೋಡಿದ್ದೇನೆ. ನಿದ್ದೆ ಬರುವ ಗಾಡಿ ಕೇಳಿದವರು ನೀವೇ ಮೊದಲು." ಆಮೇಲೆ ನನ್ನ ಕಡೆ ತಿರುಗಿದರು. "ಅಮ್ಮ, ಆ ಸೊಪ್ಪು ಕೂಡ ಒಳಗೆ ಬರ್ಲಿಕ್ಕುಂಟಾ?"

"ಉಂಟು" ಅಂದೆ. ಭಾಗ್ಯಾ ಮುಖ ಮುಚ್ಚಿಕೊಂಡಳು.

ಎತ್ತರದ ಒಂದು ಬಿಳಿ ಗಾಡಿ ಇತ್ತು. ದಾನಮ್ಮ ಕೂತಳು, ಸೀಟು ವಾಲಿಸಿದೆವು. ಹಿಂದೆ ಕೂತು ನಾನು ಮೆಂತೆಯ ಒಂದು ಸೂಡು ಬಿಚ್ಚಿ ಮುರಿಯತೊಡಗಿದೆ. ಅದು ಅರ್ಧ ಮುಗಿಯುವುದರೊಳಗೆ ಆಕೆ ಮಲಗಿಬಿಟ್ಟಳು. ಸೈದಪ್ಪನ ಮುಖ ನೋಡಬೇಕಿತ್ತು, ತೊಟ್ಟಿಲು ತೂಗಿದವರ ಮುಖದ ಹಾಗಿತ್ತು.

ಆದರೆ ಅದರ ಬೆಲೆ ಅವನು ಅಂದುಕೊಂಡದ್ದಕ್ಕಿಂತ ತುಂಬಾ ಮೇಲಿತ್ತು. ಕಿಟಕಿಯ ಹೊರಗೆ ನಿಂತು ಸುಜನ್ ಜೊತೆ ಎಳೆದಾಡಿದ. ಅವರು ಇಳಿಸಿದರೂ ಸಾಲಲಿಲ್ಲ.

"ಇದನ್ನೇ ತಗೋತೀನಿ. ಕಂತಿಗೆ ರಾತ್ರಿ ಏರ್‌ಪೋರ್ಟ್ ಬಾಡಿಗಿ ಹೊಡೀತೀನಿ" ಅಂದ.

"ಆಪ್ ಕಬ್ ಸೋಯೇಂಗೇ, ಪಪ್ಪಾ?" ಅಂದಳು ಭಾಗ್ಯಾ.

"ನನಗೇನ್, ನಿದ್ದಿ ನಿಂತಲ್ಲೇ ಬರ್ತದ."

ದಾನಮ್ಮ ಕಣ್ಣು ತೆರೆದಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. "ಇದು ಬ್ಯಾಡ್ರಿ. ಆ ನೀಲಿದ್ರಾಗ ಕುಂತು ನೋಡ್ತೀನಿ" ಅಂತ ಇಳಿದು ನಡೆದಳು.

ನೀಲಿ ಗಾಡಿ ಸಣ್ಣದು. ಒಂದು ಬಾಗಿಲಿಗೆ ಗೀರು ಬಿದ್ದಿತ್ತು. ಸೈದಪ್ಪ ಇಟ್ಟುಕೊಂಡ ದುಡ್ಡಿನಲ್ಲಿ ಬರುವಂಥದು, ಇಂಜಿನ್ನೂ ಒಳ್ಳೇದು ಅಂತ ಅವನೇ ಹೇಳಿದ. ನಾನು ಹಿಂದೆ ಕೂತು ಮೊದಲ ಕಡ್ಡಿ ಮುರಿಯುವ ಮುಂಚೆಯೇ ದಾನಮ್ಮ ಕಣ್ಣು ಮುಚ್ಚಿದಳು. ಉಸಿರು ಉದ್ದ ಎಳೆದಳು.

"ಮಲಗಿದ್ಳು! ನೋಡ್ರಿ, ಎಷ್ಟ್ ಲಗೂನ!" ಅಂತ ಸೈದಪ್ಪ ಸುಜನ್ ಕೈ ಹಿಡಿದ. ಟೋಕನ್ ಅಂತ ಮುಂಗಡ ಕೊಡಲು ಇಬ್ಬರೂ ಆಫೀಸಿನ ಕಡೆ ನಡೆದರು, ಹಿಂದೆ ಭಾಗ್ಯಾ.

ನಾನು ಆಕೆಯ ಕೈ ನೋಡಿದೆ. ನಿಜವಾಗಿ ಮಲಗಿದರೆ ದಾನಮ್ಮನ ಮುಷ್ಟಿ ಬಿಚ್ಚುತ್ತದೆ. ಈಗ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ದಾನಮ್ಮಾ" ಅಂದೆ.

ಕಣ್ಣು ತೆರೆಯದೆ ಹೇಳಿದಳು, "ಹೇಳಬ್ಯಾಡ, ಯವ್ವಾ. ನನಗ ನಿದ್ದಿ ಬರ್ಲಿ ಅಂತ ಆಂವ ತನ್ನ ನಿದ್ದಿ ಮಾರಾಕ ಹೊಂಟಾನ."

"ನಾಳಿಂದ ಹೆಂಗ ಮಾಡ್ತಿ?"

"ದಿನಾ ಹಿಂಗ ಕಣ್ಣ ಮುಚ್ಚತೀನಿ."

ಏನು ಹೇಳಲಿ? ಹೇಳಿದರೆ ಅವನು ಬಿಳಿ ಗಾಡಿಯನ್ನೇ ಹಿಡಿಯುತ್ತಾನೆ. ಹೇಳದಿದ್ದರೆ ಈಕೆ ಬದುಕಿರುವ ತನಕ ಕಣ್ಣು ಮುಚ್ಚಿಕೊಂಡು ಎಚ್ಚರ ಇರಬೇಕು. ಕಿಟಕಿಯಿಂದ ಕೈ ಬೀಸಿ ಸೈದಪ್ಪನನ್ನು ಕರೆದೆ.

"ಟೋಕನ್ ಈಗ ಕೊಡಬ್ಯಾಡ. ಚಾ ಕುಡದು ಬರ್ರಿ. ನಿದ್ದಿ ನಿಲ್ತೈತೋ ಇಲ್ಲೋ ನೋಡೂಣು."

"ಹೌದ್ ನೋಡ್" ಅಂದ. ಪಾಪ, ಹೆಜ್ಜೆ ಸಪ್ಪಳ ಆಗದ ಹಾಗೆ ಹೋದ.

ನಾನು ಎರಡನೇ ಸೂಡು ಬಿಚ್ಚಿದೆ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು, ಅವುಗಳ ನಡುಕ ಗಾಡಿಯ ತಳಕ್ಕೆ ಸಣ್ಣಗೆ ಬರುತ್ತಿತ್ತು. ಬಿಸಿಲು ಗಾಜಿನಿಂದ ಇಳಿದು ನನ್ನ ಮಡಿಲ ಮೇಲೆ ಕೂತಿತು. ಅಂಗಳದ ತುಂಬಾ ಯಾರ್ಯಾರೋ ಓಡಿಸಿ ಬಿಟ್ಟ ಗಾಡಿಗಳು ಒಂದರ ಪಕ್ಕ ಒಂದು, ಗೋದಲಿಯ ಮುಂದೆ ನಿಂತ ದನಗಳ ಹಾಗೆ ಸುಮ್ಮನೆ ಇದ್ದವು. ಅವುಗಳಲ್ಲಿ ಯಾವ ಯಾವ ಊರಿನ ದಾರಿ ಇತ್ತೋ. ನನ್ನ ಕಣ್ಣೂ ಎಳೆಯಿತು. ಮೆಂತೆಯ ವಾಸನೆ ನೀರಿನ ಹಾಗೆ ಏರುತ್ತಾ ಹೋಯಿತು. ಗಾಡಿ ಅಂಗಳ ಬಿಟ್ಟು ಮೆಲ್ಲಗೆ ತೇಲಿದ ಹಾಗಾಯಿತು.

ತಲೆ ಜೋಲಿ ಎಚ್ಚರಾದಾಗ ಮೊದಲು ಆಕೆಯ ಕೈ ನೋಡಿದೆ. ಸೆರಗು ಜಾರಿ ಕೆಳಗೆ ಬಿದ್ದಿತ್ತು. ಅಂಗೈ ಮೇಲಕ್ಕೆ ತೆರೆದುಕೊಂಡಿತ್ತು. ಬಾಯಿ ಸ್ವಲ್ಪ ಬಿಚ್ಚಿ ಪುಸ್ ಪುಸ್ ಅಂತ ಗಾಳಿ ಬರುತ್ತಿತ್ತು. ಸುಳ್ಳು ನಿದ್ದೆ ಮಾಡುತ್ತಾ ಮಾಡುತ್ತಾ ದಾನಮ್ಮ ನಿಜವಾಗಿ ಮಲಗಿಬಿಟ್ಟಿದ್ದಳು.

ಆ ವಾರವೇ ನಾನು ಕಲ್ಯಾಣದ ತಂಗಿಯ ಮನೆಗೆ ಇರಲು ಬಂದೆ. ದಾನಮ್ಮ ಆಗಾಗ ಫೋನ್ ಮಾಡಿ ನೀಲಿ ಗಾಡಿ ಎಲ್ಲೀತನಕ ಹೋಗಿತ್ತು ಅಂತ ಹೇಳುತ್ತಾಳೆ. ಸೈದಪ್ಪ ಫೋನಿನಲ್ಲಿ ಬಾಡಿಗೆ ಮಾತು ಬಿಟ್ಟು ಬೇರೆ ಆಡುವವನಲ್ಲ. ಹಾಗಾಗಿ ಅವನು ನನ್ನನ್ನು ಕಡೆಯದಾಗಿ ಏನಾದರೂ ಕೇಳಿದ್ದು ಅಂದೇ.

ಅಂದು ಟೋಕನ್ ಕೊಟ್ಟು ಬಂದು, ಬಗ್ಗಿ ಹೆಂಡತಿಯ ಮುಖ ನೋಡಿದ. ಹೊತ್ತು ಇಳಿದಿತ್ತು. ಆಫೀಸು ಬಿಡುವ ಸಮಯ, ಇಲ್ಲಿಂದ ಬೇಲಾಪುರ ದೂರ. ಹಳೇ ಗಾಡಿ ಹೊರಡಬೇಕಾದರೆ ಈಕೆಯನ್ನು ಎಬ್ಬಿಸಬೇಕು. ಒಂದು ದಿನವೂ ಅವನು ಆ ಟ್ರಿಪ್ ತಪ್ಪಿಸಿದವನಲ್ಲ. ಫೋನು ಕೈಯಲ್ಲಿ ಹಿಡಿದು ನನ್ನ ಕಿಟಕಿಗೆ ಬಾಯಿ ಹಚ್ಚಿದ.

"ಯವ್ವಾ, ಇವತ್ತ ಗಾಡಿ ಬರಂಗಿಲ್ಲ ಅಂತ ಆ ಸಾಹೇಬ್ರಿಗೆ ಹೇಳಿಬಿಡ್ಲೇನು?"